ಓದುಗರ ಪ್ರಶ್ನೆ, ನಮ್ಮ ಉತ್ತರ: ಉಪ್ಪುನೀರಿನ ತೊಟ್ಟಿಯಲ್ಲಿ ಹಿಂಡು ಮೀನುಗಳು

ಉಪ್ಪುನೀರಿನ ಅಕ್ವೇರಿಯಂ ಕುರಿತು ಪ್ರಶ್ನೆಗಳನ್ನು ಕಳುಹಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಆಸೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳಿವೆ. ಒಂಟಿ ಮೀನು ಬೇಡ, ಜೋಡಿಯೂ ಬೇಡ, ಹವಳದ ದಿಬ್ಬಗಳ ಮೇಲೆ ಹಿಂಡುಹಿಂಡಾಗಿ ತೇಲುವ ಬಣ್ಣದ ಮೀನುಗಳೇ ಮನೆಯ ಗಾಜಿನ ತೊಟ್ಟಿಯಲ್ಲಿಯೂ ಇರಬೇಕು ಎಂಬುದು ಆ ಆಸೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಕೆಲವು ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ನೀರಿಗಿಳಿದಾಗ ಹವಳದ ಗೋಡೆಯ ಮುಂದೆ ಕಿತ್ತಳೆ ಬಣ್ಣದ ನೂರಾರು ಪುಟ್ಟ ಮೀನುಗಳನ್ನು ಕಂಡೆ. ಅವುಗಳ ಹೆಸರು ಲೈರ್‌ಟೇಲ್ ಆಂಥಿಯಾಸ್ ಎಂದು ಆಮೇಲೆ ತಿಳಿಯಿತು. ನನ್ನಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ತೊಟ್ಟಿಯಿದೆ. ಹನ್ನೆರಡು ಮೀನುಗಳನ್ನು ತರಬಹುದೇ? (ಬೆಂಗಳೂರು)

ಉತ್ತರ: ಹನ್ನೆರಡು ಹೆಚ್ಚಾಯಿತು. ನಿಮ್ಮ ತೊಟ್ಟಿಯ ಲೆಕ್ಕ ಸುಮಾರು 340 ಲೀಟರ್. ಕಲ್ಲುಗಳು ಹಿಡಿಯುವ ಜಾಗವನ್ನೂ ಮೇಲೆ ಬಿಡುವ ಅಂತರವನ್ನೂ ಕಳೆದರೆ ನಿಜವಾದ ನೀರು 260ರಿಂದ 270 ಲೀಟರ್ ಇದ್ದೀತು. ಅದರಲ್ಲಿ ಒಂದು ಗಂಡು ಮತ್ತು ನಾಲ್ಕೈದು ಹೆಣ್ಣುಗಳು ನೆಮ್ಮದಿಯಾಗಿ ಬದುಕಬಲ್ಲವು. ಸಂಖ್ಯೆಗಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಮೀನುಗಳನ್ನು ತಂದು ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲಿಯೇ.

ಹಿಂಡು ಎಂದ ಕೂಡಲೇ ಕರಾವಳಿಯ ನಮಗೆ ನೆನಪಾಗುವುದು ಬೂತಾಯಿ ಮತ್ತು ಬಂಗುಡೆ. ಅವು ಸಾವಿರಾರು ಸೇರಿ, ಒಂದೇ ದಿಕ್ಕಿಗೆ ಮುಖ ಮಾಡಿ, ಒಂದೇ ವೇಗದಲ್ಲಿ, ಒಂದೇ ದೇಹವೋ ಎಂಬಂತೆ ಈಜುತ್ತವೆ. ಆಂಥಿಯಾಸ್‌ನ ಹಿಂಡು ಆ ಬಗೆಯದಲ್ಲ, ಅದೊಂದು ಹಟ್ಟಿಯಂತೆ. ಪ್ರತಿಯೊಂದು ಮೀನೂ ಪ್ರವಾಹಕ್ಕೆ ಮುಖವೊಡ್ಡಿ ನಿಂತು, ತೇಲಿಬರುವ ಕೋಪೆಪಾಡ್‌ಗಳಂತಹ ಸೂಕ್ಷ್ಮ ಪ್ರಾಣಿಗಳನ್ನೂ ಬೇರೆ ಮೀನುಗಳ ಮೊಟ್ಟೆಗಳನ್ನೂ ತನ್ನ ಪಾಡಿಗೆ ತಾನು ಹೆಕ್ಕಿಕೊಳ್ಳುತ್ತದೆ. ದೊಡ್ಡ ಮೀನಿನ ನೆರಳು ಕಂಡಾಗ ಮಾತ್ರ ಎಲ್ಲವೂ ಒಟ್ಟಾಗಿ ಕಲ್ಲಿನ ಸಂದುಗಳಿಗೆ ನುಗ್ಗುತ್ತವೆ. ಆ ಹಟ್ಟಿಯೊಳಗೆ ಮೇಲುಕೀಳಿನ ಕಟ್ಟುನಿಟ್ಟಾದ ಕ್ರಮವಿದೆ: ಕೆನ್ನೇರಳೆ ಬಣ್ಣದ, ಬೆನ್ನಿನ ರೆಕ್ಕೆಯ ಮೂರನೆಯ ಮುಳ್ಳು ನೀಳವಾಗಿ ಬೆಳೆದ ಗಂಡು ಮೇಲೆ, ಅದರ ಕೆಳಗೆ ದೊಡ್ಡ ಹೆಣ್ಣು, ಅದರ ಕೆಳಗೆ ಉಳಿದವು. ಸಮುದ್ರದಲ್ಲಿ ಶತ್ರುಗಳ ಭಯವೂ ಆಹಾರ ಹುಡುಕುವ ಕೆಲಸವೂ ಸದಾ ಇರುವುದರಿಂದ ಒಳಜಗಳಕ್ಕೆ ಬಿಡುವು ಕಡಿಮೆ. ತೊಟ್ಟಿಯಲ್ಲಿ ಇವೆರಡೂ ಇಲ್ಲದಿದ್ದಾಗ, ಕೆಲವೇ ವಾರಗಳಲ್ಲಿ ಹಿಂಡು ಸಡಿಲವಾಗಿ, ಮೇಲಿನ ಮೀನು ಕೆಳಗಿನದನ್ನು ಅಟ್ಟಿಸಿಕೊಂಡು ಹೋಗುವುದೇ ದಿನಚರಿಯಾಗುತ್ತದೆ. ಹವ್ಯಾಸಿಗಳು ಇದನ್ನು ಮೀನಿನ ಕೆಟ್ಟ ಗುಣವೆಂದು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಅದು ಹಸಿವಿನ ಲಕ್ಷಣ.

ಆದ್ದರಿಂದ ಐದು ಅಥವಾ ಆರು ಸಣ್ಣ ಹೆಣ್ಣುಗಳನ್ನೇ ತರಿಸಿ, ಎಲ್ಲವನ್ನೂ ಒಂದೇ ದಿನ, ಒಂದೇ ಹೊತ್ತಿಗೆ ತೊಟ್ಟಿಗೆ ಬಿಡಿ. ಇವತ್ತು ಎರಡು, ಮುಂದಿನ ತಿಂಗಳು ಮೂರು ಎಂಬ ಕ್ರಮ ಬೇಡ. ಮೊದಲು ಬಂದವು ಜಾಗವನ್ನು ಹಂಚಿಕೊಂಡ ಮೇಲೆ ಬಂದವಕ್ಕೆ ಉಳಿಗಾಲವಿಲ್ಲ. ಗಂಡನ್ನು ಪ್ರತ್ಯೇಕವಾಗಿ ಕೊಳ್ಳುವ ಅಗತ್ಯವೇ ಇಲ್ಲ. ಕಾರಣ ಮುಂದಿನ ಪತ್ರದ ಉತ್ತರದಲ್ಲಿದೆ. ಎರಡು ಗಂಡುಗಳನ್ನಂತೂ ನಾಲ್ಕು ಅಡಿಯ ತೊಟ್ಟಿಗೆ ಬಿಡಲೇಬಾರದು. ರಾತ್ರಿ ಪ್ರತಿಯೊಂದು ಮೀನೂ ಒಂದೊಂದು ಸಂದಿನಲ್ಲಿ ಮಲಗುವುದರಿಂದ ಮೀನುಗಳ ಸಂಖ್ಯೆಗಿಂತ ಸಂದುಗಳ ಸಂಖ್ಯೆ ಹೆಚ್ಚಿರುವಂತೆ ಕಲ್ಲುಗಳನ್ನು ಜೋಡಿಸಿ. ಬೆದರಿದರೆ ಇವು ನೀರಿನಿಂದ ಹಾರಿ ಹೊರಬೀಳುತ್ತವೆ. ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಬಲೆಯ ಮುಚ್ಚಳವಿರಲಿ. ಬೆಳಗ್ಗೆ ಎದ್ದು ಸೋಫಾದ ಅಡಿಯಲ್ಲಿ ಒಣಗಿದ ಮೀನನ್ನು ಕಂಡ ಮೇಲೆ ಮುಚ್ಚಳ ಮಾಡಿಸಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಮಾತು. ತೊಟ್ಟಿ ಹೊಸದಾಗಿದ್ದರೆ ಕಾಯಿರಿ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಬದಲಾಯಿಸುವ ಬ್ಯಾಕ್ಟೀರಿಯಗಳು ಕಲ್ಲುಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕೆಂಬುದು ನಿಮಗೆ ಗೊತ್ತಿರಬಹುದು. ಆಂಥಿಯಾಸ್‌ಗೆ ಅಷ್ಟು ಸಾಲದು; ದಿನಕ್ಕೆ ಹಲವು ಸಲ ಬೀಳುವ ಆಹಾರದ ಹೊರೆಯನ್ನು ತಾಳಿಕೊಳ್ಳಲು ತೊಟ್ಟಿಗೆ ಐದಾರು ತಿಂಗಳ ವಯಸ್ಸಾದರೂ ಆಗಿರಬೇಕು.

ಪ್ರಶ್ನೆ: ನಾಲ್ಕು ಕಿತ್ತಳೆ ಬಣ್ಣದ ಆಂಥಿಯಾಸ್‌ಗಳನ್ನು ಕೊಂಡುತಂದೆ. ಅಂಗಡಿಯವರು ಎಲ್ಲವೂ ಹೆಣ್ಣು ಎಂದು ಹೇಳಿದ್ದರು. ಈಗ ಅವುಗಳಲ್ಲಿ ದೊಡ್ಡದು ನೇರಳೆ ಬಣ್ಣಕ್ಕೆ ತಿರುಗಿ ಉಳಿದವನ್ನು ಓಡಿಸುತ್ತಿದೆ. ನನಗೆ ಮೋಸವಾಯಿತೇ, ಅಥವಾ ಇದು ರೋಗವೇ? (ಮೈಸೂರು)

ಉತ್ತರ: ಎರಡೂ ಅಲ್ಲ. ನೀವು ತಂದಾಗ ಅದು ನಿಜಕ್ಕೂ ಹೆಣ್ಣಾಗಿತ್ತು. ಈಗ ಗಂಡಾಗಿದೆ.

ಈ ಮೀನುಗಳು ಹೆಣ್ಣಾಗಿ ಬೆಳೆದು, ಅವಕಾಶ ಒದಗಿದಾಗ ಗಂಡಾಗಿ ಮಾರ್ಪಡುತ್ತವೆ. ಹಿಂಡಿನಲ್ಲಿ ಗಂಡು ಇರುವಷ್ಟು ಕಾಲ ಹೆಣ್ಣುಗಳು ಹೆಣ್ಣುಗಳಾಗಿಯೇ ಉಳಿಯುತ್ತವೆ. ಗಂಡು ಸತ್ತರೆ ಅಥವಾ ಯಾರಾದರೂ ಹಿಡಿದೊಯ್ದರೆ ಸಾಮಾನ್ಯವಾಗಿ ದೊಡ್ಡ ಹೆಣ್ಣು ಆ ಸ್ಥಾನಕ್ಕೆ ಏರುತ್ತದೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಲೆವ್ ಫಿಶೆಲ್‌ಸನ್ ಅವರು ಕೆಂಪು ಸಮುದ್ರದ ಇದೇ ಜಾತಿಯ ಮೀನುಗಳ ಮೇಲೆ ನಡೆಸಿದ ಕೆಲಸವನ್ನು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿ, ಗಂಡು ಇರುವುದು ಅಥವಾ ಇಲ್ಲದಿರುವುದೇ ಈ ಬದಲಾವಣೆಯನ್ನು ನಿಯಂತ್ರಿಸುತ್ತದೆಂದು ತೋರಿಸಿದರು. ಮೊದಲು ಬದಲಾಗುವುದು ನಡವಳಿಕೆ: ದೊಡ್ಡ ಹೆಣ್ಣು ರೆಕ್ಕೆಗಳನ್ನು ಬಿಡಿಸಿ, ಇಂಗ್ಲಿಷಿನ ಯು ಅಕ್ಷರದಂತೆ ಧುಮುಕಿ ಮೇಲೇಳುವ ಗಂಡಿನ ಈಜನ್ನು ಆರಂಭಿಸುತ್ತದೆ. ಬಣ್ಣ ಹಿಂದಿನಿಂದ ಬರುತ್ತದೆ. ಅಂಡಾಶಯ ಕುಗ್ಗಿ ವೃಷಣ ರೂಪುಗೊಂಡು ಪೂರ್ತಿ ಗಂಡಾಗಲು ಕೆಲವು ವಾರ ಹಿಡಿಯುತ್ತದೆ. ಕೋಡಂಗಿ ಮೀನು ಎಂದು ನಾವು ಕರೆಯುವ ಕ್ಲೌನ್‌ಫಿಶ್‌ನಲ್ಲಿ ಇದು ತಿರುವುಮುರುವು; ಅಲ್ಲಿ ಗಂಡು ಹೆಣ್ಣಾಗುತ್ತದೆ.

ನಿಮ್ಮ ಆತಂಕಕ್ಕೆ ಕಾರಣವಿಲ್ಲ, ಆದರೆ ಒಂದು ಎಚ್ಚರಿಕೆ ಅಗತ್ಯ. ಒಂದು ಗಂಡಿನ ಉಪಟಳ ಮೂರೇ ಹೆಣ್ಣುಗಳ ಮೇಲೆ ಹಂಚಿಕೆಯಾದಾಗ ಕೊನೆಯ ಸಣ್ಣ ಹೆಣ್ಣಿನ ಪಾಲಿಗೆ ಅದು ತಾಳಲಾಗದಷ್ಟಾಗುತ್ತದೆ. ಆ ಮೀನು ಮೇಲಿನ ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತು, ಆಹಾರಕ್ಕೆ ಬಾರದಿದ್ದರೆ ಕೂಡಲೇ ಬೇರ್ಪಡಿಸಿ. ಜಾಗವಿದ್ದರೆ, ಗಂಡನ್ನು ಎರಡು ವಾರ ತೊಟ್ಟಿಯೊಳಗಿನ ಜಾಲರಿ ಪೆಟ್ಟಿಗೆಯಲ್ಲಿಟ್ಟು, ಹೊಸದಾಗಿ ಎರಡು ಮೂರು ಸಣ್ಣ ಹೆಣ್ಣುಗಳು ಹೊಂದಿಕೊಂಡ ಮೇಲೆ ಅದನ್ನು ಹೊರಬಿಡಬಹುದು.

ಬಣ್ಣದ ಬಗ್ಗೆ ಇನ್ನೊಬ್ಬ ಓದುಗರು ಕೇಳಿದ್ದನ್ನೂ ಇಲ್ಲಿಯೇ ಹೇಳುತ್ತೇನೆ. ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣ ಸಪ್ಪೆಯಾಗುವುದು ಲಿಂಗ ಬದಲಾವಣೆಯಲ್ಲ, ಊಟದ ಕೊರತೆ. ಕೆಂಪು ಮತ್ತು ಕಿತ್ತಳೆ ವರ್ಣಕಗಳಾದ ಕೆರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು. ಅವು ಸೀಗಡಿಯ ಜಾತಿಯ ಸಣ್ಣ ಜೀವಿಗಳಿಂದಲೇ ಬರಬೇಕು. ಗೋದಿ ಹಿಟ್ಟು ಹೆಚ್ಚಿರುವ ಅಗ್ಗದ ಕಾಳುಗಳನ್ನೇ ತಿನ್ನಿಸಿದರೆ ಮೀನು ಬದುಕಿದರೂ ಬಣ್ಣ ಉಳಿಯುವುದಿಲ್ಲ.

ಪ್ರಶ್ನೆ: ಗಂಡಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಹಿಂದಿರುಗುತ್ತೇವೆ. ಆಂಥಿಯಾಸ್‌ಗಳಿಗೆ ದಿನಕ್ಕೆ ಐದು ಸಲ ಆಹಾರ ಕೊಡಬೇಕೆಂದು ಓದಿದೆವು. ನಮ್ಮಂಥವರಿಗೆ ಈ ಮೀನು ಸಾಧ್ಯವೇ? (ಬೆಂಗಳೂರು, ವೈಟ್‌ಫೀಲ್ಡ್)

ಉತ್ತರ: ಸಾಧ್ಯ, ಆದರೆ ಮೀನಿಗಿಂತ ಮೊದಲು ಊಟದ ವ್ಯವಸ್ಥೆ ಮನೆಗೆ ಬರಬೇಕು.

ಹಗಲೆಲ್ಲ ಪ್ರವಾಹದಲ್ಲಿ ನಿಂತು ಸಾಸಿವೆಕಾಳಿಗಿಂತ ಸಣ್ಣ ತುಣುಕುಗಳನ್ನು ಒಂದೊಂದಾಗಿ ತಿನ್ನುವ ಪ್ರಾಣಿಗೆ ಒಂದೇ ಸಲ ಹೊಟ್ಟೆತುಂಬ ತಿಂದು ರಾತ್ರಿಯವರೆಗೆ ಕಾಯುವ ದೇಹರಚನೆ ಇಲ್ಲ. ದಿನಕ್ಕೊಂದೇ ಸಲ ಎಷ್ಟು ಸುರಿದರೂ ಅದು ಬೇಕಾದಷ್ಟು ತಿನ್ನಲಾರದು. ಉಳಿದದ್ದು ಕೊಳೆತು ನೀರನ್ನು ಕೆಡಿಸುತ್ತದೆ. ಬೆನ್ನು ತೆಳ್ಳಗಾಗಿ, ತಲೆಯ ಹಿಂಭಾಗದ ಮಾಂಸ ಕುಸಿದು, ಎರಡು ಮೂರು ತಿಂಗಳಲ್ಲಿ ಮೀನು ಸಾಯುತ್ತದೆ. ಕೊನೆಯ ದಿನದವರೆಗೂ ಅದು ಬಾಯಿ ಹಾಕುತ್ತಲೇ ಇರುವುದರಿಂದ, ಅದು ಉಪವಾಸದಿಂದ ಸಾಯುತ್ತಿದೆಯೆಂದು ಯಜಮಾನರಿಗೆ ತಿಳಿಯುವುದೇ ಇಲ್ಲ.

ನಿಮ್ಮ ವೇಳಾಪಟ್ಟಿಗೆ ಹೊಂದುವ ಕ್ರಮ ಹೀಗಿರಬಹುದು. ಬೆಳಗ್ಗೆ ಹೊರಡುವ ಮುನ್ನ ಮತ್ತು ಸಂಜೆ ಬಂದ ಮೇಲೆ ಕರಗಿಸಿ ಸೋಸಿದ ಶೀತಲೀಕೃತ ಮೈಸಿಸ್ ಸೀಗಡಿ, ಸೈಕ್ಲೋಪ್ಸ್ ಮತ್ತು ಕೋಪೆಪಾಡ್‌ಗಳನ್ನು ನೀವೇ ಕೊಡಿ. ನಡುವಿನ ಹನ್ನೊಂದು ಗಂಟೆಗಳಿಗೆ ಬ್ಯಾಟರಿಯಿಂದ ನಡೆಯುವ ಸ್ವಯಂಚಾಲಿತ ಡಬ್ಬಿಯಿಂದ ಒಳ್ಳೆಯ ದರ್ಜೆಯ ಸಣ್ಣ ಕಾಳುಗಳನ್ನು ಮೂರು ಬಾರಿ, ಪ್ರತಿ ಸಲವೂ ಚಿಟಿಕೆಗಿಂತ ಕಡಿಮೆ, ಬೀಳುವಂತೆ ಮಾಡಿ. ಡಬ್ಬಿಯನ್ನು ಅಲೆಯೆಬ್ಬಿಸುವ ಪಂಪಿನ ಎದುರಿಗೆ ಕೂರಿಸಿದರೆ ಕಾಳುಗಳು ತೊಟ್ಟಿಯ ತುಂಬ ಸುತ್ತುತ್ತವೆ. ಮೀನುಗಳೆಲ್ಲ ಹರಿವಿಗೆ ಮುಖಮಾಡಿ ಸಾಲಾಗಿ ನಿಲ್ಲುವುದನ್ನು ನೀವು ಆಗ ನೋಡಬೇಕು. ನಿಮಗೆ ಬೇಕಾದ ಹಿಂಡಿನ ನೋಟ ಸಿಗುವುದೇ ಆ ಹೊತ್ತಿನಲ್ಲಿ. ಹೊಸದಾಗಿ ಬಂದ ಮೀನು ಕಾಳನ್ನು ಉಗುಳುತ್ತದೆ. ಮೈಸಿಸ್ ಜೊತೆ ಬೆರೆಸುತ್ತ ಮೂರು ನಾಲ್ಕು ವಾರದಲ್ಲಿ ಅಭ್ಯಾಸ ಮಾಡಿಸಿದ ಮೇಲಷ್ಟೇ ಡಬ್ಬಿಯನ್ನು ನಂಬಿ. ಆ ಮೊದಲ ವಾರಗಳಿಗೆ ಇಬ್ಬರಲ್ಲಿ ಒಬ್ಬರು ಮನೆಯಿಂದ ಕೆಲಸ ಮಾಡಲು ಸಾಧ್ಯವಾದರೆ ಬಹಳ ಒಳ್ಳೆಯದು.

ಇಷ್ಟು ಆಹಾರ ಬಿದ್ದಾಗ ನೈಟ್ರೇಟ್ ಮತ್ತು ಫಾಸ್ಫೇಟ್ ಏರುವುದು ಖಂಡಿತ. ತೊಟ್ಟಿಯ ಗಾತ್ರಕ್ಕಿಂತ ಒಂದು ಅಳತೆ ದೊಡ್ಡದಾದ ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳ ನೊರೆಯಿಂದ ಕೊಳೆ ತೆಗೆಯುವ ಸಾಧನ), ಮುಖ್ಯ ತೊಟ್ಟಿಯ ಕೆಳಗಿರುವ ಶೋಧಕ ತೊಟ್ಟಿಯಾದ ಸಂಪ್‌ನಲ್ಲಿ ದೀಪ ಹಾಕಿ ಬೆಳೆಸುವ ಕೀಟೊಮಾರ್ಫಾ ಪಾಚಿ, ವಾರಕ್ಕೆ ಶೇ 10ರಷ್ಟು ನೀರಿನ ಬದಲಾವಣೆ, ಇವು ಮೂರೂ ಸೇರಿದರೆ ನಿಭಾಯಿಸಬಹುದು. ಆ ಪಾಚಿಯ ಮುದ್ದೆಯೊಳಗೆ ಕೋಪೆಪಾಡ್‌ಗಳು ಹುಟ್ಟಿ ಮೇಲಿನ ತೊಟ್ಟಿಗೆ ಹರಿದು ಹೋಗುತ್ತವೆ ಎಂಬುದು ಹೆಚ್ಚುವರಿ ಲಾಭ. ಕಡಿಮೆ ಬೆಲೆಗೆ ಸಿಗುವ, ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯನ್ನೇ ಮುಖ್ಯ ಆಹಾರ ಮಾಡಬೇಡಿ. ಪೋಷಕಾಂಶ ತುಂಬಿಸದ ಬೆಳೆದ ಆರ್ಟೀಮಿಯಾ ಮಂಡಕ್ಕಿಯಷ್ಟೇ ಪುಷ್ಟಿಕರ.

ಹಾಗೆಯೇ, ಆಂಥಿಯಾಸ್‌ಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ. ಲೈರ್‌ಟೇಲ್ ಮತ್ತು ಬಾರ್ಟ್‌ಲೆಟ್ ಆಂಥಿಯಾಸ್‌ಗಳು ಗಟ್ಟಿಮುಟ್ಟಾದವು. ಪರ್ಪಲ್ ಕ್ವೀನ್ ಎಂಬ ಹೆಸರಿನಲ್ಲಿ ಬರುವ ನೇರಳೆ ಮೀನು ಅಂಗಡಿಯ ದೀಪದಡಿಯಲ್ಲಿ ಎಷ್ಟೇ ಚೆಂದ ಕಂಡರೂ ತೊಟ್ಟಿಯ ಆಹಾರವನ್ನು ಒಪ್ಪುವುದು ಅಪರೂಪ. ಅದನ್ನು ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಪ್ರಶ್ನೆ: ಒಂಬತ್ತು ಹಸಿರುನೀಲಿ ಕ್ರೋಮಿಸ್‌ಗಳಿಂದ ಆರಂಭಿಸಿದೆ. ಏಳು ತಿಂಗಳಲ್ಲಿ ಎರಡು ಉಳಿದಿವೆ. ನೀರಿನ ಪರೀಕ್ಷೆಗಳೆಲ್ಲ ಸರಿಯಾಗಿವೆ. ಇದು ಅತ್ಯಂತ ಸುಲಭದ ಮೀನೆಂದು ಎಲ್ಲರೂ ಹೇಳುತ್ತಾರಲ್ಲ? (ಹುಬ್ಬಳ್ಳಿ)

ಉತ್ತರ: ಸುಲಭವಾಗಿ ಸಿಗುವ ಮೀನನ್ನು ಸುಲಭವಾಗಿ ಸಾಕಬಹುದಾದ ಮೀನೆಂದು ತಿಳಿಯುವುದರಿಂದ ಆಗುವ ಪ್ರಮಾದವಿದು. ನಿಮ್ಮ ಪತ್ರದಂಥ ಪತ್ರಗಳು ನಮಗೆ ಅನೇಕ ಬಂದಿವೆ. ಸಂಖ್ಯೆಗಳು ಮಾತ್ರ ಬೇರೆ.

ಕ್ರೋಮಿಸ್ ವಿರಿಡಿಸ್ ಎಂಬ ಈ ಮೀನು ಸಮುದ್ರದಲ್ಲಿ ಕೊಂಬೆಕೊಂಬೆಯಾಗಿ ಬೆಳೆಯುವ ಹವಳಗಳ ಮೇಲೆ ದೊಡ್ಡ ಗುಂಪಿನಲ್ಲಿ ತೇಲುತ್ತ, ಬೆದರಿದಾಗ ಆ ಕೊಂಬೆಗಳ ನಡುವೆ ಅಡಗುತ್ತದೆ. ಅಲ್ಲಿ ನೂರು ಮೀನುಗಳಿಗೆ ನೂರು ಕೊಂಬೆ. ನಿಮ್ಮ ತೊಟ್ಟಿಯಲ್ಲಿ ಒಂಬತ್ತಕ್ಕೆ ಎರಡೋ ಮೂರೋ ಗುಹೆಗಳಿದ್ದಿರಬೇಕು. ಕೆಳದರ್ಜೆಯ ಮೀನನ್ನು ಉಳಿದವು ಕುಕ್ಕುತ್ತವೆ. ಅದು ಸತ್ತ ಮೇಲೆ ಆ ಸ್ಥಾನಕ್ಕೆ ಮತ್ತೊಂದು ಇಳಿಯುತ್ತದೆ. ಹೀಗೆ ಕೆಳಗಿನಿಂದ ಒಂದೊಂದಾಗಿ ಕಡಿಮೆಯಾಗುವ ಸಾವು ನೀರಿನ ದೋಷವನ್ನು ಸೂಚಿಸುವುದಿಲ್ಲ. ನೀರು ಕೆಟ್ಟಿದ್ದರೆ ಹಲವು ಒಟ್ಟಿಗೇ ಹೋಗುತ್ತಿದ್ದವು.

ಎರಡನೆಯ ಕಾರಣವನ್ನೂ ಪರಿಶೀಲಿಸಿ. ಸತ್ತ ಮೀನುಗಳ ಪಕ್ಕೆಯಲ್ಲಿ ಹುರುಪೆ ಕಿತ್ತುಹೋಗಿ ಕೆಂಪು ಹುಣ್ಣಿನಂಥ ಗುರುತು ಇತ್ತೇ? ಇದ್ದಿದ್ದರೆ ಅದು ಯುರೊನಿಮಾ ಎಂಬ ಏಕಕೋಶ ಜೀವಿಯ ಸೋಂಕು. ಹಿಡಿಯುವಾಗ, ಚೀಲದಲ್ಲಿ ಕಟ್ಟಿ ಸಾಗಿಸುವಾಗ, ಅಂಗಡಿಯ ಕಿಕ್ಕಿರಿದ ತೊಟ್ಟಿಯಲ್ಲಿ ನರಳಿದ ಕ್ರೋಮಿಸ್‌ಗಳಿಗೆ ಅದು ಬೇಗ ತಗಲುತ್ತದೆ. ಬಿಳಿಚುಕ್ಕೆ ರೋಗದ ಪರಾವಲಂಬಿಗೆ ಮೀನು ಬೇಕೇ ಬೇಕು. ಹಾಗಾಗಿ 76 ದಿನ ತೊಟ್ಟಿಯನ್ನು ಮೀನಿಲ್ಲದೆ ಬಿಟ್ಟರೆ ಅದು ತೊಲಗುತ್ತದೆಂಬ ಲೆಕ್ಕವನ್ನು ಹವ್ಯಾಸಿಗಳು ಪಾಲಿಸುತ್ತಾರೆ. ಯುರೊನಿಮಾ ಹಾಗಲ್ಲ. ಕೊಳೆತ ಪದಾರ್ಥವನ್ನೂ ಬ್ಯಾಕ್ಟೀರಿಯಗಳನ್ನೂ ತಿಂದು ಮೀನಿನ ಹಂಗಿಲ್ಲದೆ ಬದುಕಬಲ್ಲದಾದ್ದರಿಂದ ಖಾಲಿ ಬಿಡುವುದರಿಂದ ಪ್ರಯೋಜನವಿಲ್ಲ. ಹುಣ್ಣು ಕಾಣಿಸಿದ ಮೇಲೆ ಮೀನನ್ನು ಉಳಿಸಿಕೊಳ್ಳುವುದೂ ಕಷ್ಟ. ಇರುವ ದಾರಿಯೆಂದರೆ ಅದನ್ನು ಒಳಗೆ ಬರಗೊಡದಿರುವುದು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಆ ಮೀನುಗಳು ಕನಿಷ್ಠ ಹತ್ತು ದಿನ ಇದ್ದಿರಬೇಕು. ಅದೇ ತೊಟ್ಟಿಯಲ್ಲಿ ಒಂದು ಮೀನಿಗೆ ಗುರುತಿದ್ದರೂ ಉಳಿದವನ್ನು ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ಮರಳಿಲ್ಲದ, ಪಿವಿಸಿ ಕೊಳವೆಯ ತುಂಡುಗಳನ್ನಿಟ್ಟ ಪ್ರತ್ಯೇಕ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಿ. ತಾಮ್ರದ ಔಷಧಿ ಬಳಸುವುದಿದ್ದರೆ ಅಲ್ಲಿ ಮಾತ್ರ, ಪರೀಕ್ಷಾ ಕಿಟ್ ಕೈಯಲ್ಲಿಟ್ಟುಕೊಂಡು. ಮುಖ್ಯ ತೊಟ್ಟಿಗೆ ಅದು ತಾಕಿದರೆ ಸೀಗಡಿ, ಬಸವನಹುಳು, ಹವಳ ಯಾವುದೂ ಉಳಿಯದು.

ಉಳಿದ ಎರಡಕ್ಕೆ ಹೊಸದಾಗಿ ಏಳನ್ನು ಸೇರಿಸುವ ಯೋಚನೆ ನಿಮಗಿರಬಹುದು. ಬೇಡ. ಉಳಿದಿರುವವು ಗೆದ್ದ ಪೈಲ್ವಾನರು. ಅವು ಹಾಗೆಯೇ ಇರಲಿ.

ಪ್ರಶ್ನೆ: ಮನೆಯಿಂದ ಸಮುದ್ರ ಮೂರು ಕಿಲೋಮೀಟರ್. ಸಿಂಥೆಟಿಕ್ ಉಪ್ಪಿಗೆ ದುಬಾರಿ ಹಣ ಕೊಡುವ ಬದಲು ಕಡಲಿನ ನೀರನ್ನೇ ತಂದು ಬಳಸಬಾರದೇಕೆ? (ಮಂಗಳೂರು)

ಉತ್ತರ: ಬಳಸಬಹುದು, ಆದರೆ ಯಾವ ತಿಂಗಳಲ್ಲಿ, ಎಲ್ಲಿಂದ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ನಿಮ್ಮ ಊರಿನ ಬಳಿಯೇ ಕಡಲು ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆನೀರೆಲ್ಲ ಕೆಂಪಗೆ ಹರಿದುಬಂದು ದಡದ ನೀರಿನ ಲವಣಾಂಶವನ್ನು ಇಳಿಸಿಬಿಡುತ್ತದೆ. ಜೊತೆಗೆ ತೋಟಗದ್ದೆಗಳ ಗೊಬ್ಬರವನ್ನೂ ಊರಿನ ಕೊಳೆಯನ್ನೂ ತರುತ್ತದೆ. ಬಂದರಿನ ಆಸುಪಾಸಿನಲ್ಲಿ ಡೀಸೆಲ್ ಎಣ್ಣೆ ಯಾವ ಕಾಲದಲ್ಲಿಯೂ ಇರುತ್ತದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಪರಿಚಯದ ದೋಣಿಯವರ ಮೂಲಕ ದಡದಿಂದ ಸಾಕಷ್ಟು ದೂರದಲ್ಲಿ ತುಂಬಿಸಿ ತರಿಸಿ. ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಎರಡು ಮೂರು ವಾರ ಕತ್ತಲಲ್ಲಿಟ್ಟರೆ ಅದರೊಳಗಿನ ಪ್ಲಾಂಕ್ಟನ್ ಸತ್ತು ತಳ ಸೇರುತ್ತದೆ; ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡು, ಒಂದು ದಿನ ಗಾಳಿಯಾಡಿಸಿ, ಅಮೋನಿಯ ಪರೀಕ್ಷಿಸಿ ಬಳಸಿ. ಲವಣಾಂಶ ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026ರಷ್ಟು ಇರುವುದನ್ನು ರಿಫ್ರ್ಯಾಕ್ಟೋಮೀಟರ್‌ನಿಂದ ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ಶ್ರಮವನ್ನು ನೋಡಿದರೆ ಉಪ್ಪಿನ ಚೀಲವೇ ಅಗ್ಗವೆಂದು ನನಗೆ ಹಲವು ಸಲ ಅನ್ನಿಸಿದೆ. ಹಾಗೆ ಉಪ್ಪು ಬೆರೆಸುವ ಒಳನಾಡಿನ ಓದುಗರಿಗೆ ಒಂದು ಎಚ್ಚರಿಕೆ: ಅಡುಗೆಮನೆಯ ಆರ್‌ಒ ಯಂತ್ರದ ನೀರು ಇದಕ್ಕೆ ಸಲ್ಲದು. ಅವುಗಳಲ್ಲಿ ಹಲವು ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುತ್ತವೆ, ಅಥವಾ ಶುದ್ಧವಾಗದ ನೀರನ್ನೇ ಸ್ವಲ್ಪ ಬೆರೆಸುತ್ತವೆ. ಬೋರ್‌ವೆಲ್ ನೀರಿನ ನೈಟ್ರೇಟ್ ಮತ್ತು ಸಿಲಿಕೇಟ್ ಹಾಗೆ ನುಸುಳಿ ಬಂದು ಕಂದು ಪಾಚಿಯಾಗಿ ಗಾಜಿಗೆ ಅಂಟುತ್ತವೆ. ಆರ್‌ಒ ಆದ ಮೇಲೆ ಉಳಿದ ಲವಣಗಳನ್ನೂ ಹಿಡಿಯುವ ಡಿಅಯನೈಸಿಂಗ್ ರೆಸಿನ್ ಮೂಲಕ ಹಾದು ಟಿಡಿಎಸ್ (ಕರಗಿರುವ ಪದಾರ್ಥಗಳ ಒಟ್ಟು ಪ್ರಮಾಣ) ಸೊನ್ನೆ ತೋರಿಸುವ ನೀರೇ ಬೇಕು.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ಮಧ್ಯರಾತ್ರಿ ಮೂರು ಗಂಟೆಗಳ ಕಾಲ ವಿದ್ಯುತ್ ಇಲ್ಲದೆ ಆಂಥಿಯಾಸ್‌ಗಳು ಸತ್ತವು, ಕ್ಲೌನ್‌ಫಿಶ್‌ಗಳು ಉಳಿದವು. ಏಕೆ ಹೀಗೆ? (ಕಲಬುರಗಿ)

ಉತ್ತರ: ಅವು ಸತ್ತದ್ದು ಬಿಸಿಯಿಂದಲ್ಲ, ಉಸಿರುಗಟ್ಟಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 6.2. ರಾತ್ರಿ ಪಾಚಿಯೂ ಹವಳವೂ ಆಮ್ಲಜನಕ ಕೊಡುವ ಬದಲು ಬಳಸುತ್ತವೆ. ಪಂಪು ನಿಂತು ಮೇಲ್ಮೈ ಅಲುಗಾಡದಿದ್ದರೆ ಗಾಳಿಯಿಂದ ಹೊಸದು ಸೇರುವುದಿಲ್ಲ. ಸದಾ ಹರಿವಿನಲ್ಲಿ ಈಜುತ್ತ ಚುರುಕಾಗಿ ಬದುಕುವ ಆಂಥಿಯಾಸ್‌ಗೆ ಉಸಿರಿನ ಅಗತ್ಯ ಹೆಚ್ಚು. ಒಂದೇ ಕಡೆ ತೂಗಾಡುವ ಕ್ಲೌನ್‌ಫಿಶ್ ಕಡಿಮೆಯಲ್ಲಿಯೂ ತಾಳಿಕೊಳ್ಳುತ್ತದೆ.

ಇನ್ವರ್ಟರಿಗೆ ಅಲೆಯ ಪಂಪನ್ನು ಮೊದಲು ಜೋಡಿಸಿ. ದೀಪ ಇಲ್ಲದಿದ್ದರೂ ನಡೆಯುತ್ತದೆ. ಕರೆಂಟು ಹೋದಾಗ ತಾನಾಗಿಯೇ ಶುರುವಾಗುವ ಬ್ಯಾಟರಿ ಏರ್‌ಪಂಪು ಕೆಲವೇ ನೂರು ರೂಪಾಯಿಗಳಿಗೆ ಸಿಗುತ್ತದೆ. ತಂಪಿಗಾಗಿ ನೀರಿನ ಮೇಲೆ ಫ್ಯಾನ್ ಹಾಯಿಸಿದರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮ ಒಣಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ತೇವದ ಹವೆಯಲ್ಲಿ ಅಷ್ಟಿಲ್ಲ. ಆವಿಯಾದ ನೀರಿನ ಬದಲಿಗೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಿಸಬೇಕು; ಉಪ್ಪು ಆವಿಯಾಗುವುದಿಲ್ಲ. ಆದರೂ ನಿಮ್ಮ ಮೇ ತಿಂಗಳಿಗೆ ಫ್ಯಾನ್ ಸಾಲದು. 25ರಿಂದ 27 ಡಿಗ್ರಿಯನ್ನು ಕಾಯ್ದುಕೊಳ್ಳುವ ಚಿಲ್ಲರ್ ಇಲ್ಲದೆ ಕಲಬುರಗಿಯಲ್ಲಿ ಆಂಥಿಯಾಸ್ ಬೇಡ.

ಪ್ರಶ್ನೆ: ಫ್ಲ್ಯಾಟಿನಲ್ಲಿ 150 ಲೀಟರಿನ ತೊಟ್ಟಿಗಷ್ಟೇ ಜಾಗವಿದೆ. ಬಂಗಾಯಿ ಕಾರ್ಡಿನಲ್ ಮೀನುಗಳ ಹಿಂಡನ್ನು ಇಡಬಹುದೇ? (ದುಬೈ)

ಉತ್ತರ: ಮರಿಗಳಾಗಿದ್ದಾಗ ಹಿಂಡಾಗಿರುತ್ತವೆ. ಬೆಳೆದ ಮೇಲೆ ಎರಡು ಮೀನುಗಳು ಜೋಡಿಯಾಗಿ ಉಳಿದವನ್ನು ಕೊಲ್ಲುತ್ತವೆ. ಆದ್ದರಿಂದ ಒಂದು ಜೋಡಿ ಸಾಕು. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಬಳಿಯ ಬಂಗಾಯಿ ದ್ವೀಪಸಮೂಹವೇ ಇವುಗಳ ಮೂಲನೆಲೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತ ಹಿಡಿದದ್ದರಿಂದ 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅವುಗಳನ್ನು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಗಂಡು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಪಾಡುವ ಮೀನಾದ್ದರಿಂದ ತೊಟ್ಟಿಯಲ್ಲಿ ಮರಿ ಮಾಡಿಸುವುದು ಕಷ್ಟವಲ್ಲ. ಸಾಕಣೆಯಲ್ಲಿ ಹುಟ್ಟಿದವನ್ನೇ ಕೇಳಿ ಕೊಳ್ಳಿ. ಹಿಂಡಿನ ನೋಟವೇ ಬೇಕಿದ್ದರೆ ಅದೇ ಕುಟುಂಬದ ಪೈಜಾಮ ಕಾರ್ಡಿನಲ್‌ಗಳು ಐದು ಇರಲಿ. ಅವು ಸೌಮ್ಯ ಸ್ವಭಾವದವು, ದಿನಕ್ಕೆ ಎರಡು ಊಟ ಸಾಕು, ಹಗಲಲ್ಲಿ ಒಟ್ಟಾಗಿ ಅಲುಗದೆ ನಿಲ್ಲುತ್ತವೆ. ಅಲುಗದೆ ನಿಲ್ಲುವುದು ಕೆಲವರಿಗೆ ಬೇಸರ ತರಿಸಬಹುದು.

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುತ್ತಿದ್ದೇನೆ. ಅಲ್ಲಿಂದ ತೊಟ್ಟಿಗೆ ಒಂದೆರಡು ಹವಳದ ತುಂಡು ಮತ್ತು ಸಣ್ಣ ಮೀನುಗಳನ್ನು ತರಬಹುದೇ? (ಶಿವಮೊಗ್ಗ)

ಉತ್ತರ: ತರಬಾರದು. ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಸತ್ತ ತುಂಡಾದರೂ ಅಪರಾಧವೇ. ತೊಟ್ಟಿಗೆ ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ರಂಧ್ರಗಳುಳ್ಳ ಕಲ್ಲುಗಳು ಸಿಗುತ್ತವೆ. ಬ್ಯಾಕ್ಟೀರಿಯಗಳಿಗೆ ಅವೂ ಒಂದೇ, ಇವೂ ಒಂದೇ. ಮೀನನ್ನು ಆಳದಿಂದ ಥಟ್ಟನೆ ಮೇಲಕ್ಕೆತ್ತಿದರೆ ಒತ್ತಡ ಇಳಿದು ಗಾಳಿಚೀಲ ಉಬ್ಬುತ್ತದೆ, ಈಜಲಾಗದೆ ತೇಲುತ್ತ ಸಾಯುತ್ತದೆ. ಆಳದಲ್ಲಿ ಹಿಡಿದ ಆಂಥಿಯಾಸ್‌ಗಳಲ್ಲಿ ಈ ಗಾಯ ಅಂಗಡಿಗೆ ಬಂದ ಮೇಲೂ ಕಾಣುತ್ತದೆ. ಬಾಲ ಮೇಲಾಗಿ, ತಲೆ ಕೆಳಗಾಗಿ, ಎಡೆಬಿಡದೆ ರೆಕ್ಕೆ ಬಡಿಯುತ್ತ ನಿಲ್ಲುವ ಮೀನನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಸಾಕಣೆಯಲ್ಲಿ ಹುಟ್ಟಿದ ಮೀನುಗಳು ನಮ್ಮಲ್ಲಿಯೇ ಇವೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳು ಕ್ಲೌನ್‌ಫಿಶ್ ಮತ್ತು ಡ್ಯಾಮ್ಸೆಲ್‌ಗಳ ಮರಿ ಉತ್ಪಾದನೆಯನ್ನು ರೂಢಿಗೆ ತಂದಿವೆ. ವಿಳಿಂಜಂನಲ್ಲಿ ಮಾರ್ಸಿಯಾ ಆಂಥಿಯಾಸ್ ಎಂಬ ಜಾತಿಯನ್ನೂ ಮರಿ ಮಾಡಿಸಿದ್ದಾರೆ. ಆಂಥಿಯಾಸ್‌ಗಳ ಮೊಟ್ಟೆ ನೀರಿನಲ್ಲಿ ತೇಲುವಂಥದ್ದು, ಅದರ ಮರಿಯ ಬಾಯಿ ಬಹಳ ಸಣ್ಣದು. ಹಾಗಾಗಿ ಆ ಕೆಲಸ ಕ್ಲೌನ್‌ಫಿಶ್‌ನಷ್ಟು ಸರಳವಲ್ಲ. ಅಂಗಡಿಯಲ್ಲಿ ಸಾಕಣೆಯ ಆಂಥಿಯಾಸ್ ಇದೆಯೇ ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಿ. ನೇತ್ರಾಣಿಯಿಂದ ಫೋಟೊಗಳನ್ನು ತನ್ನಿ. ಆ ಮೀನುಗಳು ಯಾವುವೆಂದು ಗುರುತಿಸಲು ತೊಡಕಾದರೆ ನಮಗೆ ಕಳುಹಿಸಿ.